ನೀಲಗಂಗಮ್ಮನ ಮುಖ ತುಂಬಿದ್ದು

ಒಲೆಯಲ್ಲಿ ಹತ್ತಿಗಿಡದ ಕಟ್ಟಿಗೆ ಚಟ್ಟನೆ ಸಿಡಿದು ಕೆಂಡದ ಚೂರೊಂದು ನೀಲಗಂಗಮ್ಮನ ಬಲಗಾಲ ಹೆಬ್ಬೆರಳ ಮೇಲೆ ಬಿತ್ತು. "ಸ್ಸ್, ಯವ್ವಾ!" ಎಂದು ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕಪ್ಪಾಗುತ್ತಿತ್ತು. ಅದನ್ನು ತಿರುವಲಿಲ್ಲ. ಬೆರಳನ್ನೇ ನೋಡುತ್ತ ಕೂತಳು. ಆಮೇಲೆ ನಗತೊಡಗಿದಳು.

"ಸುನಂದಾ, ಬಾ ಇಲ್ಲಿ. ಸುಡಾಕತ್ತದ ನೋಡು. ಖರೇನ ಸುಡಾಕತ್ತದ!"

ಒಳಗೆ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದ ಮಗಳು ಓಡಿ ಬಂದಳು. "ಸುಟ್ಟರ ಯಾರರೆ ನಗತಾರೇನ್ಬೇ? ನೀರು ಹಾಕು ಮೊದಲ."

"ತಡಿ, ಇನ್ನೊಂದೀಟು ಸುಡಲಿ."

ಆ ಪಾದಗಳಿಗೆ ಬಿಸಿ, ತಂಪು, ಮುಳ್ಳು, ಕಲ್ಲು ಯಾವುದೂ ತಿಳಿಯದೆ ವರ್ಷಗಳಾಗಿದ್ದವು. ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗದೆ ಅವಳು ಬರಿಗಾಲಲ್ಲಿ ತೀನ್ ಕಂದೀಲ್ ಸರ್ಕಲ್ಲಿನವರೆಗೆ ನಡೆದು ಹೋದದ್ದುಂಟು. ಅಂಥ ಕಾಲಿಗೆ ಈ ಬೆಳಿಗ್ಗೆ ಬೆಂಕಿ ತಾಕಿದ್ದು ತಿಳಿಯಿತು. ಊಟ ಬದಲಿಸಿ ಆರೇಳು ತಿಂಗಳಾಗಿತ್ತು.

ರಾಯಚೂರಿನ ಗಂಜ್ ಹಿಂದಿನ ಓಣಿಯಲ್ಲಿ ನೀಲಗಂಗಮ್ಮನದು ರೊಟ್ಟಿ ಮನೆ. ಖಾನಾವಳಿಗಳಿಗೆ, ಲಗ್ನದ ಮನೆಗಳಿಗೆ, ಒಲೆ ಹಚ್ಚಲು ಬೇಸರಪಡುವ ನೌಕರಸ್ಥರಿಗೆ ಅವಳ ಜೋಳದ ರೊಟ್ಟಿ ಹೋಗುತ್ತದೆ. ಗಂಡ ಗಡಿಗೆಪ್ಪ ಮಾನ್ವಿ ರಸ್ತೆಯ ಅಕ್ಕಿ ಗಿರಣಿಯೊಂದರ ಲಾರಿ ಡ್ರೈವರ್. ಅಕ್ಕಿ ಹೇರಿಕೊಂಡು ಸೊಲ್ಲಾಪುರ, ಪುಣೆ, ಮುಂಬಯಿ ಎಂದು ಹೊರಟರೆ ಮನೆ ಸೇರುವುದು ಯಾವಾಗಲೋ. ಬರುವಾಗ ಗಿರಣಿಯ ನುಚ್ಚಕ್ಕಿಯ ಚೀಲವೊಂದು ತರುತ್ತಿದ್ದ.

ದಿನವಿಡೀ ರೊಟ್ಟಿ ಬಡಿಯುವ ನೀಲಗಂಗಮ್ಮ ತಾನು ರೊಟ್ಟಿ ತಿನ್ನುತ್ತಿರಲಿಲ್ಲ. ಒಲೆಯ ಮುಂದಿನ ಝಳಕ್ಕೆ, ಬೆಂದ ಹಿಟ್ಟಿನ ವಾಸನೆಗೆ ಸಂಜೆಯ ಹೊತ್ತಿಗೆ ರೊಟ್ಟಿ ಕಂಡರೆ ಸಾಕಾಗಿರುತ್ತಿತ್ತು. ಕೈ ತೊಳೆದುಕೊಂಡ ಮೇಲೆ ತಾಟಿನ ತುಂಬ ಬಿಸಿ ಅನ್ನ, ಹಾಲು, ಮೇಲೆ ಸಕ್ಕರೆ. ದೇವದುರ್ಗದ ಅವಳ ತವರಿನಲ್ಲಿ ಅನ್ನವೆಂದರೆ ಹಬ್ಬದ ಊಟವಾಗಿತ್ತು. ದಿನಾ ಅನ್ನ ಉಣ್ಣುವ ಮನೆ ಸೇರಿದ್ದೇ ತನ್ನ ಪುಣ್ಯ ಎಂದುಕೊಂಡಿದ್ದಳು.

ಆ ಅನ್ನದಲ್ಲಿ ಅವಳು ತುಂಬಿಕೊಂಡಳು. ಗುಂಡು ಮುಖ, ಬಳೆ ಅಲುಗದ ಕೈ. ಓಣಿಯಲ್ಲಿ ಯಾರ ಮನೆಯ ಲಗ್ನವಾದರೂ ಅರಿಶಿನ ಕುಟ್ಟುವ ಶಾಸ್ತ್ರದಲ್ಲಿ ಒನಕೆಗೆ ಮೊದಲು ಕೈಹಚ್ಚುವವಳು ಅವಳೇ. ಮೈ ತುಂಬಿದ ಮುತ್ತೈದೆ ಒನಕೆ ಹಿಡಿದರೆ ಮದುಮಗಳ ಬಾಳು ತುಂಬುತ್ತದೆ ಎಂಬ ನಂಬಿಕೆ. ಆ ಮೈಯೊಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಕುತ್ತಿಗೆಯ ಸುತ್ತ ಕಪ್ಪಗೆ ಒರಟಾದ ಪಟ್ಟಿ ಕಟ್ಟಿಕೊಂಡಿತ್ತು. ಒಲೆಯ ಮಸಿ ಇರಬೇಕೆಂದು ತಿಕ್ಕಿ ತಿಕ್ಕಿ ತೊಳೆದಳು. ಹೋಗದಿದ್ದಾಗ ಸೆರಗು ಹೊದ್ದಳು. ಕಂಕುಳಲ್ಲಿ ಕುರು ಏಳುತ್ತಿದ್ದವು. ಕಾಲುಗಳು ಮೊದಲು ಉರಿದವು, ಆಮೇಲೆ ಜೋಮು ಹಿಡಿದವು, ಕೊನೆಗೆ ಸುಮ್ಮನಾದವು. ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಗುಳಿಗೆ ಶುರುವಾದರೂ ಊಟ ಇದ್ದಂತೆಯೇ ಇತ್ತು.

ಹೋದ ಯುಗಾದಿಯ ಮುಂದೆ ಅವಳು ಒಲೆಯ ಮುಂದೆಯೇ ಎಚ್ಚರ ತಪ್ಪಿ ಬಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಏನು ಕೆಲಸ, ಏನು ಊಟ ಎಂದು ಕೇಳಿದರು. ಕೇಳಿ ಪೆನ್ನು ಕೆಳಗಿಟ್ಟರು.

"ಊರಿಗೆಲ್ಲ ರೊಟ್ಟಿ ಮಾಡಿ ಹಾಕ್ತೀರಿ, ನೀವು ಮಾತ್ರ ಅನ್ನಕ್ಕ ಸಕ್ರಿ ಹಾಕ್ಕೊಂಡು ಉಣ್ತೀರಿ. ನಿಮ್ಮ ಔಷಧ ನಿಮ್ಮ ಒಲಿ ಮ್ಯಾಲನ ಅದಲ್ರೀ ಅಮ್ಮಾ."

ಅಂದಿನಿಂದ ನುಚ್ಚಕ್ಕಿ ಚೀಲ ಹಿತ್ತಲ ಕೋಣೆ ಸೇರಿತು. ಒಂದು ರೊಟ್ಟಿ, ಹೆಚ್ಚೆಂದರೆ ಒಂದೂವರೆ. ಅದರ ಎರಡರಷ್ಟು ಪುಂಡಿಪಲ್ಲೆ ಇಲ್ಲವೆ ಮೆಂತೆ, ಹೆಸರುಕಾಳು, ಹಸಿ ಉಳ್ಳಾಗಡ್ಡಿ, ಕಡೆಗೊಂದು ಲೋಟ ಮಜ್ಜಿಗೆ. ಸಕ್ಕರೆಯಿಲ್ಲದ ಚಹಾ ಮೊದಮೊದಲು ಬೇವಿನ ಕಷಾಯದಂತಿತ್ತು. ತಾನು ಬಡಿದ ರೊಟ್ಟಿಯನ್ನೇ ತಾನು ಮುರಿದು ತಿನ್ನುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸಂಜೆ ಮಗಳ ಜೊತೆ ಮಾವಿನಕೆರೆಯ ದಂಡೆಯವರೆಗೆ ನಡೆದು ಬರುತ್ತಿದ್ದಳು. ಮಳೆಗಾಲದ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಅರ್ಧಕ್ಕಿಳಿಯಿತು. ಡಾಕ್ಟರಮ್ಮ ಗುಳಿಗೆ ಕಡಿಮೆ ಮಾಡಿದರು. ಕುರು ಏಳುವುದು ನಿಂತಿತು. ಕುತ್ತಿಗೆಯ ಕಪ್ಪು ತಿಳಿಯಾಗಿ ಕಡೆಗೆ ಗುರುತು ಮಾತ್ರ ಉಳಿಯಿತು. ದಸರೆ ಕಳೆದ ಮೇಲಿನ ಒಂದು ಬೆಳಿಗ್ಗೆ, ಆಗಲೇ ಹೇಳಿದಂತೆ, ಕೆಂಡ ಸುಟ್ಟಿತು.

ಅದೇ ಹೊತ್ತಿಗೆ ಮೈಯೂ ಇಳಿದಿತ್ತು. ಗಲ್ಲ ಒಳಸೇರಿದವು, ಕಣ್ಣ ಕೆಳಗೆ ಗುಳಿ ಬಿತ್ತು. ಬಳೆಗಳು ಮೊಣಕೈವರೆಗೆ ಓಡಾಡತೊಡಗಿದವು. ರವಿಕೆ ಹಿಡಿಸಲು ಪಕ್ಕದ ಮನೆಯ ಹೀರಾಬಿಯ ಬಳಿ ಹೋದಳು. ಹೀರಾಬಿ ಹೊಲಿಗೆ ಮಷಿನ್ ಇಟ್ಟುಕೊಂಡವಳು, ನಾಲಿಗೆಯೂ ಅದರಷ್ಟೇ ಚುರುಕು.

"ಯಾ ಅಲ್ಲಾ! ಇದ್ರಾಗ ಇನ್ನೊಬ್ಬಾಕಿ ಕೂಡ್ತಾಳ ನೀಲಕ್ಕಾ. ಇದನ್ನ ಬಿಚ್ಚಿ ಎರಡು ಮಾಡ್ತೀನಿ, ಒಂದು ನನಗ ಇರ್ಲಿ."

"ತಗೊಳ್ಳೇ. ನಿನಗ ಒಂದು ತೋಳಿಗೂ ಸಾಲಂಗಿಲ್ಲ."

ಇಬ್ಬರೂ ನಕ್ಕರು. ಅಳತೆ ಪಟ್ಟಿ ಸುತ್ತುತ್ತ ಹೀರಾಬಿ ದನಿ ತಗ್ಗಿಸಿದಳು. "ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೊಬ್ಯಾಡ. ಮೂಲಿ ಮನಿ ಲಗ್ನಕ್ಕ ನಿನ್ನ ಒನಕಿಗೆ ಕರದಿಲ್ಲ ಹೌದಿಲ್ಲೋ? ಯಾಕಂತ ಕೇಳಿದಿ ಏನು?"

ನೀಲಗಂಗಮ್ಮ ಕೇಳಿರಲಿಲ್ಲ. ಕರೆಯುವುದು ಮರೆತಿರಬೇಕು ಎಂದುಕೊಂಡಿದ್ದಳು.

"ಗಂಡ ಲಾರಿ ಮ್ಯಾಲ ಇರಾಂವ. ಹೆಂಡ್ತಿ ದಿನದಿನಕ್ಕ ಕರಗಾಕತ್ತಾಳ. ಮಂದಿ ಬಾಯಿಗೆ ಇನ್ನೇನು ಬೇಕು?"

ಏಡ್ಸ್ ಎಂಬ ಹೆಸರನ್ನು ಆ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ದೊಡ್ಡ ರೋಗ' ಎನ್ನುತ್ತಾರೆ, ಇಲ್ಲವೆ ಕಣ್ಣಲ್ಲೇ ಮುಗಿಸುತ್ತಾರೆ. ನೀಲಗಂಗಮ್ಮ ರವಿಕೆ ಮಡಚಿಕೊಂಡು ಮನೆಗೆ ಬಂದಳು. ತನ್ನೊಬ್ಬಳ ವಿಷಯವಾಗಿದ್ದರೆ ಅವಳು ಆ ಮಾತನ್ನು ಒಲೆಗೆ ಹಾಕಿ ಸುಡುತ್ತಿದ್ದಳು. ಆದರೆ ಆ ದಿನಗಳಲ್ಲೇ ಸುನಂದಾಳಿಗೆ ಮಾನ್ವಿಯಿಂದ ಸಂಬಂಧ ಬಂದಿತ್ತು.

ಹುಡುಗ ಮೌನೇಶ, ಮಾನ್ವಿಯಲ್ಲಿ ಗೊಬ್ಬರ, ಬೀಜದ ಅಂಗಡಿ. ಶಾಂತ ಸ್ವಭಾವ, ಮನೆಯಲ್ಲಿ ಲಿಂಗಪೂಜೆ ತಪ್ಪದ ಮಂದಿ. ಬಿ.ಎಡ್ ಮುಗಿಸಿದ ಸುನಂದಾಳ ಜೊತೆ ಫೋನಿನಲ್ಲಿ ಮಾತಾಡಿದ್ದ, ಅವಳಿಗೆ ಮೆಚ್ಚುಗೆಯಾಗಿದ್ದ. "ಮಾತಿಗೊಮ್ಮೆ ಅವ್ವನ್ನ ಕೇಳ್ತೀನಿ ಅನ್ನಂಗಿಲ್ಲ ಅಂವ" ಎಂದು ತಾಯಿಯ ಮುಂದೆ ನಾಚಿಕೊಂಡೇ ಹೇಳಿದ್ದಳು. ಇದಕ್ಕೆ ಮೊದಲು ಯರಗೇರಾದಿಂದ ಬಂದಿದ್ದವರು, ತಾಯಿಗೆ ಸಕ್ಕರೆ ಕಾಯಿಲೆ ಎಂದು ತಿಳಿದು, "ರಕ್ತದಾಗಿಂದು ಬಿಡಂಗಿಲ್ಲ, ಮಗಳಿಗೂ ಬರತದ" ಎಂದು ಹೇಳಿ ಕಳಿಸಿ ಸುಮ್ಮನಾಗಿದ್ದರು. ಹಾಗಾಗಿ ಮಾನ್ವಿಯವರಿಗೆ ಸಕ್ಕರೆಯ ಸುದ್ದಿ ಹೇಳಕೂಡದು ಎಂದು ಗಂಡ ಹೆಂಡತಿ ನಿಶ್ಚಯಿಸಿದ್ದರು.

ದೀಪಾವಳಿ ಕಳೆದ ಮೇಲೆ ಮೌನೇಶನ ತಾಯಿ ಅಮರಮ್ಮ ಹೆಣ್ಣು ನೋಡಲು ಬಂದಳು. ಎತ್ತರದ ಹೆಂಗಸು, ಮಾತು ಕಡಿಮೆ. ಸುನಂದಾಳನ್ನು ಒಂದು ಗಳಿಗೆ ನೋಡಿದಳು. ಹುಡುಗಿಯ ತಾಯಿಯನ್ನು ಬಹಳ ಹೊತ್ತು ನೋಡಿದಳು.

"ಮೊದಲಿಂದ ಹಿಂಗ ಇದ್ದೀರೇನ್ರಿ, ಇಲ್ಲ ಈಗೀಗ ಸೊರಗೀರಿ?"

"ಒಲಿ ಮುಂದಿನ ಕೆಲಸರೀ ಯವ್ವಾ. ಕರಗತದ ಮೈ."

"ಹಂಗೇನು" ಎಂದಳು ಅಮರಮ್ಮ. ಗೋಡೆಯ ಮೇಲೆ ಲಾರಿಯ ಮುಂದೆ ನಿಂತ ಗಡಿಗೆಪ್ಪನ ಫೋಟೊ ಇತ್ತು. ಅದನ್ನೂ ನೋಡಿದಳು. ತಾಟಿನಲ್ಲಿಟ್ಟ ರವೆಯ ಸಜ್ಜಕವನ್ನು ಬೆರಳಲ್ಲಿ ಮುಟ್ಟಿ, ತಿನ್ನದೆ ಕೈ ಮುಗಿದಳು.

ಮಾತು ಬಂದದ್ದು ದೇವದುರ್ಗದಿಂದ. ಈ ಸಂಬಂಧ ಹಚ್ಚಿದವಳು ಅಲ್ಲಿದ್ದ ನೀಲಗಂಗಮ್ಮನ ಅಕ್ಕ ಬಂಡೆಮ್ಮ. ಅವಳಿಗೆ ಅಮರಮ್ಮ ಫೋನ್ ಮಾಡಿಸಿದ್ದಳು: ಹುಡುಗಿ ಒಪ್ಪಿಗೆ, ಆದರೆ ತಾಯಿಯನ್ನು ನೋಡಿ ಮನಸ್ಸು ಹಿಂದೆ ಸರಿಯುತ್ತಿದೆ, ಸಂಕ್ರಾಂತಿಯ ಮುಂದೆ ಇನ್ನೊಮ್ಮೆ ನೋಡಿ ನಿಶ್ಚಯಿಸುತ್ತೇವೆ.

ಆ ದಿನ ಗಡಿಗೆಪ್ಪ ಮನೆಯಲ್ಲಿದ್ದ. ಕೇಳಿ ಅವನ ಮುಖ ಕಪ್ಪಾಯಿತು. ಸುನಂದಾ ಹೇಳಿದಳು, "ಯಪ್ಪಾ, ಒಂದು ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ತೋರಿಸಿದ್ರ ಮುಗೀತು. ನಿಂದೂ, ಅವ್ವಂದೂ."

"ಏನಂದಿ? ನಾ ಕಳ್ಳ ಅಲ್ಲ ಅಂತ ನಾನ ಹೋಗಿ ಪೊಲೀಸ್ ಠಾಣೆ ಮುಂದ ಕೂಡಬೇಕೇನು? ರಿಪೋರ್ಟ್ ಒಯ್ದ್ರ, ಮಂದಿ ಅಂದಿದ್ದನ್ನ ನಾವ ಒಪ್ಪಿದಂಗ."

"ಹಂಗಾದ್ರ ಸಕ್ರಿ ಅದ ಅಂತ ಹೇಳು."

"ಹೇಳಿದ್ದಕ್ಕ ಯರಗೇರಾದವ್ರು ಏನ್ ಮಾಡಿದ್ರು?"

ಹಿಂದೆ ಮುಂದೆ ಎರಡೂ ಕಡೆ ಬಾಗಿಲು ಹಾಕಿತ್ತು. ನಿಜವಾದ ಕಾಯಿಲೆಯ ಹೆಸರು ಹೇಳುವಂತಿಲ್ಲ, ಇಲ್ಲದ ಕಾಯಿಲೆಯ ಹಣೆಪಟ್ಟಿ ಹೊತ್ತು ಕೂರುವಂತಿಲ್ಲ. ನೀಲಗಂಗಮ್ಮ ಮೂಲೆಯಲ್ಲಿ ಕೂತು ಎಲ್ಲ ಕೇಳಿದಳು. ಅವಳಿಗೆ ಒಂದೇ ದಾರಿ ಕಂಡಿತು. ಹಳೆಯ ಮುಖ ಬೇಕಾಗಿತ್ತು.

ಹಿತ್ತಲ ಕೋಣೆಯಿಂದ ನುಚ್ಚಕ್ಕಿ ಚೀಲ ಹೊರಗೆ ಬಂತು. ಬೆಳಿಗ್ಗೆ ಅನ್ನ, ಹಾಲು, ಬೆಲ್ಲ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ತುಪ್ಪ. ಸುನಂದಾ ತಾಟು ಕಸಿದುಕೊಂಡಳು, ಅತ್ತಳು, ಎರಡು ದಿನ ತಾನೂ ಉಣ್ಣದೆ ಕೂತಳು. "ನಿನ್ನ ಲಗ್ನ ಒಂದಾಗ್ಲಿ, ಆಮ್ಯಾಲ ಜೀವ ಇರೋತನಕ ಪುಂಡಿಪಲ್ಲೆ ತಿಂತೀನಿ" ಎಂದು ತಾಯಿ ತಾಟು ಮತ್ತೆ ಎಳೆದುಕೊಂಡಳು. ಆದರೆ ಮೈ ಹಿಡಿಯಲಿಲ್ಲ. ಬಾಯಾರಿಕೆ ಹೆಚ್ಚಿತು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವಂತಾಯಿತು, ಮುಖ ಮಾತ್ರ ಇಳಿದೇ ಇತ್ತು.

ಆಗ ಬಂಡೆಮ್ಮ ತಂಗಿಯನ್ನು ದೇವದುರ್ಗಕ್ಕೆ ಕರೆಸಿಕೊಂಡಳು. ಅಲ್ಲಿ ಓಣಿಯೊಂದರಲ್ಲಿ ಬೋರ್ಡಿಲ್ಲದ ಖೋಲಿಯಲ್ಲಿ ಒಬ್ಬಾತ ಮೈ ತುಂಬುವ ಗುಳಿಗೆ ಕೊಡುತ್ತಿದ್ದ. ಲಗ್ನಕ್ಕೆ ಬಂದ ಬಡಕಲು ಹುಡುಗಿಯರನ್ನು ತಾಯಂದಿರು ಅವನಲ್ಲಿಗೆ ಕರೆದೊಯ್ಯುವುದು ಅಲ್ಲಿ ಹೊಸತಲ್ಲ. ಹುಡುಗಿಯ ಬದಲು ತಾಯಿಯೇ ಬಂದದ್ದಕ್ಕೆ ಅವನಿಗೂ ಸೋಜಿಗವಾಯಿತು.

"ಲಗ್ನ ನಿನಗೇನವ್ವಾ?" ಎಂದು ನಕ್ಕ. ಬೇರೆ ಏನು ಕಾಯಿಲೆಯಿದೆ ಎಂದು ಕೇಳಲಿಲ್ಲ. ನೀಲಗಂಗಮ್ಮ ಹೇಳಲೂ ಇಲ್ಲ. ಕಾಗದದ ಪೊಟ್ಟಣದಲ್ಲಿ ಸಣ್ಣ ಬಿಳಿ ಗುಳಿಗೆ ಕಟ್ಟಿಕೊಟ್ಟ. ಸರ್ಕಾರಿ ಆಸ್ಪತ್ರೆಗೆ ಹೋಗುವುದನ್ನು ಅವಳು ಬಿಟ್ಟಳು. ಹೋದರೆ ಡಾಕ್ಟರಮ್ಮ ಬೈಯುತ್ತಾರೆ.

ಈ ಸಲ ಮುಖ ತುಂಬಿತು. ಮೂರ್ನಾಲ್ಕು ವಾರಗಳಲ್ಲಿ ಗಲ್ಲ ಉಬ್ಬಿದವು, ಕಣ್ಣ ಕೆಳಗಿನ ಗುಳಿ ಮುಚ್ಚಿದವು, ಮುಖ ಬೆಳುದಿಂಗಳ ಚಂದ್ರನಷ್ಟು ಗುಂಡಗಾಯಿತು. ಕೈಕಾಲು ಮಾತ್ರ ಸಣ್ಣಗೇ ಇದ್ದವು. ಅವನ್ನು ಸೀರೆ ಮುಚ್ಚುತ್ತಿತ್ತು. ಕುತ್ತಿಗೆಯ ಕಪ್ಪು ಪಟ್ಟಿ ಮರಳಿತು. ಹೀರಾಬಿ ಬಿಗಿದುಕೊಟ್ಟಿದ್ದ ರವಿಕೆಯನ್ನು ಮತ್ತೆ ಬಿಚ್ಚಲು ತಂದಾಗ ಈ ಸಲ ಅವಳು ಚೇಷ್ಟೆ ಮಾಡಲಿಲ್ಲ.

"ಏನ್ ನುಂಗಾಕತ್ತೀ ನೀಲಕ್ಕಾ? ಇದು ಉಂಡ ಮಾರಿ ಅಲ್ಲ. ಬಾತ ಮಾರಿ."

"ಮಂದಿಗೆ ಎರಡೂ ಒಂದ ಕಾಣ್ತಾವ, ಹೊಲಿ ನೀನು."

ಸಂಕ್ರಾಂತಿಯ ಮುಂದೆ ನಿಶ್ಚಯಕ್ಕೆಂದು ಎಲ್ಲರೂ ಮಾನ್ವಿಗೆ ಹೋದರು. ನೀಲಗಂಗಮ್ಮ ಹೊಸ ಸೀರೆ ಉಟ್ಟು ಹೊಸ ಚಪ್ಪಲಿ ಮೆಟ್ಟಿದ್ದಳು. ಅಮರಮ್ಮ ಬಾಗಿಲಲ್ಲೇ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು, ಸಂತೆಯಲ್ಲಿ ಆಕಳ ಮುಖ ನೋಡುವ ಹಾಗೆ.

"ಈಗ ನೋಡ್ರಿ, ಮಾರಿ ಮ್ಯಾಲ ಕಳಿ ಬಂದದ! ಅವತ್ತು ನನಗ ಎದಿ ಧಸಕ್ಕಂದಿತ್ತು ಬೀಗ್ತಿ. ಬಾಯಿಬಿಟ್ಟು ಕೇಳಬಾರದು, ಕೇಳದ ಇರಬಾರದು."

"ಒಲಿ ಕೆಲಸ ಕಡಿಮಿ ಮಾಡೀನ್ರಿ."

ಸುನಂದಾಳ ಉಡಿ ತುಂಬಿದರು. ಲಗ್ನ ಬೇಸಿಗೆಗೆ ಎಂದಾಯಿತು. ಹೋಳಿಗೆಯ ಮೇಲೆ ಅಮರಮ್ಮ ತಾನೇ ತುಪ್ಪ ಸುರಿದಳು. ನೀಲಗಂಗಮ್ಮ ಅವಳ ಕಣ್ಣೆದುರು ಎರಡು ತಿಂದಳು. ಬಸ್ಸಿನಲ್ಲಿ ಮರಳುವಾಗ ಅವಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ಅಷ್ಟು ಹಗುರಾಗಿ ಅವಳು ಆ ಚಳಿಗಾಲದಲ್ಲಿ ಮಲಗಿರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಬಲಗಾಲ ಹೆಬ್ಬೆರಳ ಬುಡದಲ್ಲಿ ಪಟ್ಟಿ ಉಜ್ಜಿ ತೊಗಲು ಸುಲಿದು ಹೋಗಿತ್ತು. ರಕ್ತ ಚಪ್ಪಲಿಯ ಮೇಲೆ ಒಣಗಿತ್ತು. ಇಡೀ ದಿನ ಅವಳಿಗೆ ಒಂದಿಷ್ಟೂ ತಿಳಿದಿರಲಿಲ್ಲ. ಸುನಂದಾ ಚಪ್ಪಲಿಯನ್ನೂ ತಾಯಿಯ ಮುಖವನ್ನೂ ನೋಡಿದಳು.

ಅರಿಶಿನ ಹಚ್ಚಿದರು, ಮುಲಾಮು ಹಚ್ಚಿದರು. ಆಸ್ಪತ್ರೆಗೆ ನಡೆ ಎಂದು ಸುನಂದಾ ದಿನಾ ಗೋಗರೆದಳು. ಲಗ್ನದ ರೊಟ್ಟಿಯ ಆರ್ಡರುಗಳಿವೆ, ಸುದ್ದಿ ಮಾನ್ವಿಗೆ ಮುಟ್ಟುತ್ತದೆ, ನಾಳೆ ನೋಡೋಣ ಎಂದು ತಾಯಿ ಮುಂದೂಡಿದಳು. ಗುಳಿಗೆ ನುಂಗುವುದನ್ನು ಮಾತ್ರ ತಪ್ಪಿಸಲಿಲ್ಲ. ಲಗ್ನದ ದಿನದವರೆಗೆ ಮುಖ ಇಳಿಯಬಾರದಿತ್ತು. ಬೆರಳು ನೀಲಿಯಾಯಿತು, ಆಮೇಲೆ ಕಪ್ಪಾಯಿತು. ವಾಸನೆ ಬಂದ ದಿನ ಸುನಂದಾ ಕೇಳಲಿಲ್ಲ. ಹೀರಾಬಿಯನ್ನು ಕರೆದು, ಇಬ್ಬರೂ ಸೇರಿ ಆಟೊ ಹತ್ತಿಸಿದರು.

ಡಾಕ್ಟರಮ್ಮ ಮೊದಲು ಮುಖ ನೋಡಿದರು, ಆಮೇಲೆ ಕಾಲು. "ಏನು ಗುಳಿಗಿ ತಗೊಂಡೀರಿ?" ಎಂದರು. ಸುನಂದಾ ಪೊಟ್ಟಣ ಬಿಚ್ಚಿ ತೋರಿಸಿದಳು. ಅದು ಸ್ಟೆರಾಯ್ಡ್: ಮುಖ ಬಾತುಕೊಳ್ಳುವಂತೆ ಮಾಡುತ್ತದೆ, ಸಕ್ಕರೆಯನ್ನು ಏರಿಸುತ್ತದೆ, ಗಾಯವನ್ನು ಒಣಗಲು ಬಿಡುವುದಿಲ್ಲ. ಇದನ್ನು ಹೇಳುವಾಗ ಅವರು ದನಿ ಏರಿಸಲಿಲ್ಲ. ಕೊಳೆಯುವುದು ಕಣಕಾಲು ದಾಟಿದೆ, ಮೊಣಕಾಲ ಕೆಳಗೆ ತೆಗೆಯಬೇಕು ಎಂದೂ ಅದೇ ದನಿಯಲ್ಲಿ ಹೇಳಿದರು.

ಗಡಿಗೆಪ್ಪ ಲಾರಿಯನ್ನು ಸೊಲ್ಲಾಪುರದಲ್ಲೇ ಬಿಟ್ಟು ಬಂದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಆಮೇಲೆ ಮಾನ್ವಿಗೆ ಫೋನ್ ಹಚ್ಚಿ, ನೀಲಗಂಗಮ್ಮ ಗಿರಣಿಗೆ ಬುತ್ತಿ ತಂದಿದ್ದಾಗ ಒಟ್ಟಿದ್ದ ಅಕ್ಕಿ ಚೀಲದ ಥಪ್ಪಿ ಉರುಳಿ ಅವಳ ಕಾಲ ಮೇಲೆ ಬಿತ್ತು ಎಂದ. ಹಾಗೆ ಹೇಳಲು ಒಳಗೆ ಮಲಗಿದ್ದ ಹೆಂಡತಿಯೇ ಹೇಳಿಕೊಟ್ಟಿದ್ದಳು. ಅಪಘಾತ ಯಾರ ವಂಶಕ್ಕೂ ಅಂಟುವುದಿಲ್ಲ.

ಮರುದಿನವೇ ಅಮರಮ್ಮ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರ ತುಂಬ ಬೆಲ್ಲದ ಗೋಧಿ ಹುಗ್ಗಿ. ಮಂಚದ ಮೇಲೆ ಕೂತು ಚಮಚದಲ್ಲಿ ತೆಗೆದು ತಾನೇ ನೀಲಗಂಗಮ್ಮನ ಬಾಯಿಯ ಹತ್ತಿರ ಹಿಡಿದಳು.

"ತಿನ್ನು ಬೀಗ್ತಿ. ರಕ್ತ ಹೋಗ್ಯದ. ಮಾರಿ ಇಳಿಯಾಕ ಬಿಡಬ್ಯಾಡ."

ನೀಲಗಂಗಮ್ಮ ಬಾಯಿ ತೆರೆದಳು. ಸುನಂದಾ ಮುಂದೆ ಬಂದು ಚಮಚ ಹಿಡಿದಳು.

"ಬ್ಯಾಡ್ರಿ ಅತ್ತೀ. ಅವ್ವಗ ಸಕ್ರಿ ಅದ. ಬಾಳ ವರ್ಷದಿಂದ ಅದ. ಚೀಲ ಬಿದ್ದಿಲ್ಲ. ನಿಮ್ಮ ಮುಂದ ದಪ್ಪ ಕಾಣಬೇಕಂತ ಗುಳಿಗಿ ನುಂಗಿ ಹಿಂಗ ಆಗ್ಯದ."

"ಸುನಂದಾ!" ಎಂದ ಗಡಿಗೆಪ್ಪ.

ಅಮರಮ್ಮ ಚಮಚವನ್ನು ಡಬ್ಬಿಯಲ್ಲಿ ಇಳಿಬಿಟ್ಟಳು. "ಸಕ್ರಿ ಅಷ್ಟ? ಆ ರೋಗ ಅಲ್ಲಲ್ಲ?" ಅವಳ ಮುಖದಲ್ಲಿ ಒಂದು ಗಳಿಗೆ ನಿರಾಳ ಕಂಡಿತು. ಆಮೇಲೆ ಅವಳ ಕಣ್ಣು ಹೊದಿಕೆಯ ಕೆಳಗಿನ ಕಾಲಿಗೆ ಹೋಯಿತು. ಅಲ್ಲಿಂದ ಸುನಂದಾಳ ಕಾಲಿಗೆ ಬಂತು. "ನಿನಗ?"

"ಈಗಿಲ್ರಿ. ಮುಂದ ಗೊತ್ತಿಲ್ಲ."

"ಮನ್ಯಾಗ ಕೇಳಿ ಹೇಳ್ತೀನವ್ವಾ" ಎಂದು ಅಮರಮ್ಮ ಎದ್ದಳು. ಹುಗ್ಗಿಯ ಡಬ್ಬಿಗೆ ಮುಚ್ಚಳ ಹಾಕಿ ಜೊತೆಗೇ ಒಯ್ದಳು.

ಅವಳು ಹೋದ ಮೇಲೆ ನೀಲಗಂಗಮ್ಮ ಗೋಡೆಗೆ ಮುಖ ಮಾಡಿದಳು. "ಬೇಸಿಗಿತನಕ ಬಾಯಿ ಮುಚ್ಚಿಕೊಂಡಿದ್ರ ಆಗತಿತ್ತು" ಎಂದಳು ಮಗಳಿಗೆ.

"ಬೇಸಿಗಿತನಕ ನೀನ ಇರತಿದ್ದಿಲ್ಲಬೇ."



ಆ ವಾರದ ಶುಕ್ರವಾರ ಕಾಲು ತೆಗೆದರು. ಅದರ ಮರುವಾರ ಬಂಡೆಮ್ಮ ದೇವದುರ್ಗದಿಂದ ಬಂದು, ಮಾನ್ವಿಯವರ ಮಾತು ಮುಟ್ಟಿಸಿದಳು. ಮೌನೇಶ ಎರಡು ದಿನ ಊಟ ಬಿಟ್ಟನಂತೆ, ಆಮೇಲೆ ತಾಯಿಯ ಮಾತು ಕೇಳಿದನಂತೆ. ನಿಶ್ಚಯದ ದಿನ ಇಲ್ಲಿಂದ ಹೋಗಿದ್ದ ಧೋತರ, ಅಂಗಿ ಬಟ್ಟೆ ಅವಳು ತಂದ ಚೀಲದಲ್ಲಿ ಮರಳಿ ಬಂದಿದ್ದವು. ಅವರು ಉಡಿಗೆ ಹಾಕಿದ್ದ ಸೀರೆಯನ್ನು ಸುನಂದಾ ಮಡಿಕೆ ಕೆಡದಂತೆ ಅದೇ ಚೀಲದಲ್ಲಿಟ್ಟು ದೊಡ್ಡವ್ವನ ಕೈಗೆ ಕೊಟ್ಟಳು.

ಈಗ ನೀಲಗಂಗಮ್ಮ ಮನೆಯಲ್ಲಿದ್ದಾಳೆ. ಮಗಳು ಇಟ್ಟ ಒಂದೂವರೆ ರೊಟ್ಟಿ, ಪುಂಡಿಪಲ್ಲೆ ಮರುಮಾತಿಲ್ಲದೆ ತಿನ್ನುತ್ತಾಳೆ. ಸಕ್ಕರೆ ಮತ್ತೆ ಇಳಿದಿದೆ, ಗಲ್ಲಗಳೂ ಇಳಿದಿವೆ. ರೊಟ್ಟಿ ಬಡಿಯುವುದು ಕೂತು ಮಾಡುವ ಕೆಲಸ. ಕೊಯ್ದ ಗಾಯ ಮಾಯ್ದ ಮೇಲೆ, ಯುಗಾದಿಯ ಮರುದಿನದಿಂದ, ಒಲೆ ಹಚ್ಚುತ್ತೇವೆಂದು ಖಾನಾವಳಿಗಳಿಗೆ ಹೇಳಿ ಕಳಿಸಿದ್ದಾರೆ.